ಅಡ್ವೆಂಟ್ ರೀತ್ ಸೆಟ್: ಶಾಲೆಗೆ ಯಾವುದು, ಮನೆಗೆ ಯಾವುದು

ನವೆಂಬರ್ ಅರ್ಧ ಕಳೆಯುತ್ತಿದ್ದಂತೆ ಇಗರ್ಜಿ (ಚರ್ಚ್) ಪಕ್ಕದ ಮಳಿಗೆಗಳಲ್ಲಿ ನಕ್ಷತ್ರಗಳ, ಗೋದಲಿ ಬೊಂಬೆಗಳ ನಡುವೆ ಇನ್ನೊಂದು ಸಾಮಾನೂ ಕಾಣಿಸಿಕೊಳ್ಳುತ್ತದೆ. ಒಂದು ಹಸಿರು ಬಳೆ, ಅದರ ಮೇಲೆ ಮೂರು ನೇರಳೆ ಮತ್ತು ಒಂದು ಗುಲಾಬಿ ಮೇಣದಬತ್ತಿ. ಇದೇ ಅಡ್ವೆಂಟ್ ರೀತ್. ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲದ (ಅಡ್ವೆಂಟ್) ನಾಲ್ಕು ಭಾನುವಾರಗಳಲ್ಲಿ, ಹಿಂದಿನವುಗಳ ಜತೆ ವಾರಕ್ಕೊಂದು ಹೊಸ ಬತ್ತಿ ಹಚ್ಚುತ್ತಾ ಹೋಗುತ್ತಾರೆ, ಗುಲಾಬಿಯದು ಮೂರನೆಯ ವಾರಕ್ಕೆ. ಶಾಲೆಗೆಂದು ಸಿಸ್ಟರ್ ಒಂದು ಕೊಳ್ಳುತ್ತಾರೆ, ಧರ್ಮೋಪದೇಶದ ತರಗತಿಗೆಂದು ಟೀಚರ್ ಒಂದು, ದೇವರ ಪೀಠದ ಮುಂದಿಡಲು ಮನೆಯವರು ಒಂದು. ಮೂವರೂ ತರುವುದು ಹೆಚ್ಚುಕಡಿಮೆ ಒಂದೇ ಸೆಟ್. ಅದು ಮೂರು ಜಾಗಕ್ಕೂ ಹೊಂದುವುದಿಲ್ಲ ಎಂಬುದು ಎರಡನೇ ವಾರದ ಹೊತ್ತಿಗೆ ತಿಳಿಯುತ್ತದೆ: ಒಂದು ಬತ್ತಿ ವಾಲಿರುತ್ತದೆ, ಇನ್ನೊಂದರ ಮೇಣ ಮೇಜಿನ ಬಟ್ಟೆಗೆ ಇಳಿದಿರುತ್ತದೆ, ಎಲೆ ಮುಟ್ಟಿದರೆ ಪುಡಿಯಾಗುತ್ತದೆ.

ಇಲ್ಲಿ ನೋಡಿರುವುದು ನಾಲ್ಕು ಬಗೆ. ಕಬ್ಬಿಣ ಅಥವಾ ಹಿತ್ತಾಳೆಯ ಬಳೆಗೆ ಬತ್ತಿ ನಿಲ್ಲಿಸುವ ನಾಲ್ಕು ಬಟ್ಟಲು ಬೆಸೆದ ಸೆಟ್, ಪ್ಲಾಸ್ಟಿಕ್ ಎಲೆ ಹೊದಿಸಿದ ರೆಡಿಮೇಡ್ ಸೆಟ್, ಬ್ಯಾಟರಿಯಿಂದ ಉರಿಯುವ ಎಲ್‌ಇಡಿ ಸೆಟ್, ಮಕ್ಕಳ ಕೈಲಿ ಮನೆಗೆ ಕಳಿಸುವ ಕಾಗದದ ಕಿಟ್. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಮನೆಗೂ ಶಾಲೆಯ ಚಾಪೆಲ್ಲಿಗೂ ಲೋಹದ ಬಳೆ, ಮೇಣದಬತ್ತಿಯನ್ನು ಬೇರೆಯಾಗಿ ಕೊಂಡು. ತರಗತಿಗೆ ಎಲ್‌ಇಡಿ. ಕಾಗದದ ಕಿಟ್ ಒಳ್ಳೆಯದೇ, ತಿದ್ದಿ ಅಚ್ಚುಹಾಕಿಸಿದರೆ ಮಾತ್ರ. ಪ್ಲಾಸ್ಟಿಕ್ ಎಲೆಯದನ್ನು ಬಿಡಿ.

ಸೆಟ್ ಕೊಳ್ಳುವ ಮೊದಲು ಕ್ಯಾಲೆಂಡರ್ ಬಿಡಿಸಬೇಕು. ಆಗಮನ ಕಾಲ ಪ್ರತಿ ವರ್ಷವೂ ಡಿಸೆಂಬರ್ 1ಕ್ಕೇ ಶುರುವಾಗುವುದಿಲ್ಲ. ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಶುರುವಾಗುತ್ತದೆ. ಅಂದರೆ ನವೆಂಬರ್ 27ಕ್ಕಿಂತ ಮೊದಲಲ್ಲ, ಡಿಸೆಂಬರ್ 3ಕ್ಕಿಂತ ನಂತರವಲ್ಲ. ಹಾಗಾಗಿ ಈ ಕಾಲ ಒಂದು ವರ್ಷ 22 ದಿನವಿದ್ದರೆ ಇನ್ನೊಂದು ವರ್ಷ 28 ದಿನವೂ ಇರಬಹುದು. 2026ರಲ್ಲಿ ಭಾನುವಾರಗಳು ನವೆಂಬರ್ 29, ಡಿಸೆಂಬರ್ 6, 13 ಮತ್ತು 20. ಕ್ರಿಸ್ಮಸ್ ಶುಕ್ರವಾರ ಬರುತ್ತದೆ, ಒಟ್ಟು 26 ದಿನ.

ಈ ಲೆಕ್ಕ ಬೇಕಾಗಿರುವುದು ಮೇಣದಬತ್ತಿಗಾಗಿ. ಮೊದಲನೆಯದು ನಾಲ್ಕೂ ವಾರ ಉರಿಯಬೇಕು, ಕೊನೆಯದು ನಾಲ್ಕೈದು ದಿನ. ರಾತ್ರಿ ಜಪಸರದ ಹೊತ್ತಿಗೆ ದಿನಕ್ಕೆ 15 ನಿಮಿಷ ಹಚ್ಚಿದರೆ 2026ರಲ್ಲಿ ಮೊದಲ ನೇರಳೆ ಬತ್ತಿ 26 ದಿನದಲ್ಲಿ ಆರೂವರೆ ಗಂಟೆ ಉರಿಯುತ್ತದೆ. ಎರಡನೆಯದು 19 ದಿನ, ನಾಲ್ಕೂಮುಕ್ಕಾಲು ಗಂಟೆ. ಗುಲಾಬಿ 12 ದಿನ, ಮೂರು ಗಂಟೆ. ಕೊನೆಯ ನೇರಳೆ 5 ದಿನ, ಒಂದೂಕಾಲು ಗಂಟೆ. ಸುಮಾರು 22 ಮಿಲಿಮೀಟರ್ ದಪ್ಪದ ಉದ್ದ ಬತ್ತಿ ಗಾಳಿಯಿಲ್ಲದ ಕಡೆ ಗಂಟೆಗೆ ಸುಮಾರು ಎರಡೂವರೆ ಸೆಂಟಿಮೀಟರ್ ಕರಗುತ್ತದೆ. ಅಂದರೆ ಮೊದಲನೆಯದಕ್ಕೆ 16 ಸೆಂಟಿಮೀಟರ್ ಬೇಕೇ ಬೇಕು. ಬಟ್ಟಲಿನೊಳಗೆ ಹೋಗುವ ಎರಡು, ಎಲೆಗಿಂತ ಮೇಲೆ ಉಳಿಯಬೇಕಾದ ಐದು ಸೇರಿಸಿ 23. ಹಾಗಾಗಿ 25 ಸೆಂಟಿಮೀಟರ್, ಅಂದರೆ ಹತ್ತಿಂಚಿನ ಬತ್ತಿ ಸರಿ. ಅಂಗಡಿಯ ಸೆಟ್‌ನಲ್ಲಿ 15 ಸೆಂಟಿಮೀಟರಿನದು ಬಂದರೆ ಮೂರನೇ ವಾರಕ್ಕೆ ಮೊದಲ ಬತ್ತಿಯ ಜ್ವಾಲೆ ಎಲೆಯ ಮಟ್ಟಕ್ಕೆ ಇಳಿಯುತ್ತದೆ. ಈ ಸಾಮಾನಿನಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿಯೇ, ಮೊದಲ ದಿನವಲ್ಲ. ಮೊದಲ ವಾರ ಎಲ್ಲರೂ ಜಾಗರೂಕರು, ಎಲೆಯೂ ಹಸಿ. ಮೂರನೇ ವಾರ ಎಲೆ ಒಣಗಿರುತ್ತದೆ, ಜ್ವಾಲೆ ಕೆಳಗಿಳಿದಿರುತ್ತದೆ, ಮನೆಯವರು ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸದಲ್ಲಿರುತ್ತಾರೆ.

ನಿಮ್ಮ ಬತ್ತಿಯ ವೇಗ ತಿಳಿಯಲು ಪೆನ್ಸಿಲ್ಲಿನಿಂದ ಗೆರೆ ಹಾಕಿ, ಒಂದು ಗಂಟೆ ಉರಿಸಿ, ಅಳೆದು ನೋಡಿ.

ಮೊದಲು ಲೋಹದ ಬಳೆ. ಇದು ಈ ಸಂಪ್ರದಾಯದ ಮೂಲಕ್ಕೂ ಹತ್ತಿರ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಲುಥೆರನ್ ಪಾದ್ರಿ, ಕ್ರಿಸ್ಮಸ್ಸಿಗೆ ಇನ್ನೆಷ್ಟು ದಿನ ಎಂದು ಕೇಳುತ್ತಲೇ ಇದ್ದ ಮಕ್ಕಳಿಗಾಗಿ ಗಾಡಿಯ ಚಕ್ರವೊಂದರ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿ, ವಾರದ ದಿನಗಳಿಗೆ 20 ಸಣ್ಣ ಕೆಂಪು ಬತ್ತಿ ನಿಲ್ಲಿಸಿದರು. ಕಥೋಲಿಕ ದೇವಾಲಯಕ್ಕೆ ಇದು ಬಂದದ್ದು ಬಹಳ ತಡವಾಗಿ, 1925ರಲ್ಲಿ, ಕೊಲೋನ್ ನಗರದಲ್ಲಿ. ಮಕ್ಕಳಿಗೆ ದಿನ ಎಣಿಸಲು ಮಾಡಿದ ಸಾಮಾನು ಇದು. ಅಂದಕ್ಕಿಂತ ಮೊದಲು ಎಣಿಕೆ ಸರಿಯಿರಬೇಕು.

ಬಳೆಯ ಅಡ್ಡಳತೆ 25ರಿಂದ 30 ಸೆಂಟಿಮೀಟರ್ ಇರಲಿ. ಬಟ್ಟಲುಗಳು 20 ಸೆಂಟಿಮೀಟರ್ ವೃತ್ತದಲ್ಲಿ ಕೂತರೆ ಪಕ್ಕಪಕ್ಕದ ಬತ್ತಿಗಳ ನಡುವೆ 14 ಸೆಂಟಿಮೀಟರ್ ಸಿಗುತ್ತದೆ, ಅಷ್ಟು ಸಾಕು. ಮೇಜಿನ ಮೂಲೆಗೆಂದು ಮಾರುವ 15 ಸೆಂಟಿಮೀಟರಿನ ಪುಟ್ಟ ಬಳೆಯಲ್ಲಿ ಆ ಅಂತರ ಎಂಟಕ್ಕೂ ಕಡಿಮೆ. ನಾಲ್ಕೂ ಉರಿಯುವ ವಾರದಲ್ಲಿ ಒಂದರ ಕಾವಿಗೆ ಇನ್ನೊಂದು ಮೆತ್ತಗಾಗಿ ಒಳಗೆ ಬಾಗುತ್ತದೆ. ಬಟ್ಟಲಿನ ಆಳ ಎರಡು ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಬೇಡ. ಕೆಳಗೆ ಮೊಳೆ ಚುಚ್ಚುವ ಬಗೆಯದು ದಪ್ಪ ಬತ್ತಿಗೆ ಸರಿ, ತೆಳು ಬತ್ತಿ ಅದರಲ್ಲಿ ಸೀಳುತ್ತದೆ.

ಅತಿ ಹೆಚ್ಚು ಕೇಳಿಬರುವ ದೂರು ಬಟ್ಟಲಿಗೂ ಬತ್ತಿಗೂ ಅಳತೆ ಕೂಡದಿರುವುದು. ಬಟ್ಟಲು ಸಾಮಾನ್ಯವಾಗಿ 22 ಮಿಲಿಮೀಟರಿಗೆ ಮಾಡಿದ್ದು, ದಿನಸಿ ಅಂಗಡಿಯ ಬತ್ತಿ ಅದಕ್ಕಿಂತ ತೆಳು. ಕಾಗದ ಮಡಿಚಿ ತುರುಕುವುದು ಎಲ್ಲರೂ ಮಾಡುವ ತಪ್ಪು. ಬತ್ತಿ ಬುಡಕ್ಕೆ ಬಂದಾಗ ಕಾಗದವೇ ಹೊತ್ತಿಕೊಳ್ಳುತ್ತದೆ. ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಎರಡು ಬೆರಳಗಲ ಕತ್ತರಿಸಿ ಬುಡಕ್ಕೆ ಎರಡು ಮೂರು ಸುತ್ತು ಸುತ್ತಿ ಒತ್ತಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಬತ್ತಿ ದಪ್ಪವಾದರೆ ಬುಡವನ್ನು ಅರ್ಧ ನಿಮಿಷ ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದಾಗ ತಿರುಗಿಸುತ್ತಾ ಒತ್ತಿ. ಚಾಕುವಿನಿಂದ ಕೆತ್ತಿದರೆ ಹೊರಗಿನ ಬಣ್ಣದ ಪದರ ಎದ್ದು ಒಳಗಿನ ಬಿಳಿ ಕಾಣುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಹೊರಗೆ ಮಾತ್ರ ಬಣ್ಣ ಅದ್ದಿದ ಬತ್ತಿ ಕಳಪೆ ಅಂತಲ್ಲ. ಉರಿದಾಗ ಅಂಚಿನಲ್ಲಿ ಬಿಳಿ ಬಳೆ ಕಾಣುತ್ತದೆ, ಅಷ್ಟೆ. ಆದರೆ ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಗುಲಾಬಿ ಮೊದಲು ಮಾಸುತ್ತದೆ. ನೇರಳೆ ಎಂದು ಕೊಡುವುದು ಎಷ್ಟೋ ಸಲ ಕಡುನೀಲಿಯೇ ಆಗಿರುತ್ತದೆ, ಅಂಗಡಿಯ ಟ್ಯೂಬ್‌ಲೈಟಿನಡಿ ವ್ಯತ್ಯಾಸ ತಿಳಿಯುವುದಿಲ್ಲ. ಹೊರಗೆ ತಂದು ನೋಡಿ. ಪೂಜಾ ವಸ್ತ್ರದ ನೇರಳೆಯಲ್ಲಿ ಕೆಂಪಿನ ಛಾಯೆ ಇರುತ್ತದೆ. ಸರಿಯಾದ ಬಣ್ಣ ಸಿಗದಿದ್ದರೆ ನಾಲ್ಕು ಬಿಳಿ ಬತ್ತಿ ತಂದು ಬಟ್ಟಲಿನ ಹೊರಗೋಡೆಗೆ ಮೂರು ನೇರಳೆ, ಒಂದು ಗುಲಾಬಿ ರಿಬ್ಬನ್ ಕಟ್ಟಿದರಾಯಿತು. ಬತ್ತಿಗೇ ರಿಬ್ಬನ್ ಕಟ್ಟಬೇಡಿ. ಪೆಟ್ಟಿಗೆಯ ಚಿತ್ರದಲ್ಲಿ ಹಾಗೆ ಕಟ್ಟಿ ತೋರಿಸುವವರು ಒಂದು ಸಲವೂ ಹಚ್ಚಿ ನೋಡಿರಲಾರರು.

ದಪ್ಪ ಕಂಬದಂಥ ಬತ್ತಿಗಳ ಸೆಟ್ ನೋಡಲು ಗಂಭೀರ, ಬೆಲೆಯೂ ಹೆಚ್ಚು. ಮನೆಗೆ ಅದು ಬೇಡ ಎನ್ನಲು ಕಾರಣವಿದೆ. ಏಳು ಸೆಂಟಿಮೀಟರ್ ದಪ್ಪದ ಬತ್ತಿಯಲ್ಲಿ ಕರಗಿದ ಮೇಣದ ಕೊಳ ಅಂಚಿಗೆ ತಲುಪಲು ಎರಡು ಮೂರು ಗಂಟೆ ಉರಿಯಬೇಕು. ಹದಿನೈದು ನಿಮಿಷ ಹಚ್ಚಿ ಆರಿಸುತ್ತಾ ಹೋದರೆ ದಾರದ ಸುತ್ತ ಮಾತ್ರ ಬಾವಿ ತೋಡಿದ ಹಾಗೆ ಇಳಿಯುತ್ತದೆ, ಹತ್ತನೇ ದಿನಕ್ಕೆ ದಾರ ಆ ಬಾವಿಯಲ್ಲಿ ಮುಳುಗಿ ಹೊತ್ತುವುದೇ ಇಲ್ಲ. ಬಲಿಪೂಜೆಯುದ್ದಕ್ಕೂ (ಮಾಸ್) ಉರಿಯುವ ದೇವಾಲಯದಲ್ಲಿ, ಭಾನುವಾರ ಎರಡು ಮೂರು ಪೂಜೆಗಳು ಸಾಲಾಗಿ ಇರುವ ಕಡೆ, ಕಂಬದ ಬತ್ತಿ ಸರಿ. ಶಾಲೆಯ ಹತ್ತು ನಿಮಿಷದ ಪ್ರಾರ್ಥನೆಗೂ ಮನೆಗೂ ಉದ್ದ ತೆಳು ಬತ್ತಿಯೇ.

ಇನ್ನು ಫ್ಯಾನ್. ಹೊರದೇಶದ ಸೂಚನಾಪತ್ರಗಳಲ್ಲಿ ಇದರ ಮಾತೇ ಇರುವುದಿಲ್ಲ. ಮಂಗಳೂರು, ಉಡುಪಿಯಲ್ಲಿ ಡಿಸೆಂಬರಿನಲ್ಲೂ ಸಂಜೆ ಫ್ಯಾನ್ ಹಾಕದೆ ಕೂರುವುದು ಕಷ್ಟ. ತಲೆಮೇಲೆ ಫ್ಯಾನ್ ತಿರುಗುತ್ತಿದ್ದರೆ ಜ್ವಾಲೆ ಒಂದೇ ಕಡೆ ವಾಲಿ ಆ ಬದಿಯ ಅಂಚು ಕರಗುತ್ತದೆ, ಮೇಣ ಗೆರೆಯಾಗಿ ಇಳಿಯುತ್ತದೆ, ಬತ್ತಿ ಅರ್ಧ ಸಮಯದಲ್ಲೇ ಮುಗಿಯುತ್ತದೆ, ಹೊಗೆ ಬೇರೆ. ಮೇಣದಬತ್ತಿ ಸರಿಯಿಲ್ಲ ಎಂದು ಅಂಗಡಿಯವರ ಜತೆ ಜಗಳಕ್ಕೆ ಹೋಗುವ ಮೊದಲು ಫ್ಯಾನ್ ಆರಿಸಿ ಒಂದು ದಿನ ನೋಡಿ. ಆಗಲೂ ಕಪ್ಪು ಹೊಗೆ ಬಂದರೆ ಒಳಗಿನ ದಾರ ಉದ್ದವಾಗಿದೆ ಎಂದರ್ಥ. ಪ್ರತಿ ಸಲ ಹಚ್ಚುವ ಮುನ್ನ ಆರು ಮಿಲಿಮೀಟರಿಗೆ ಕತ್ತರಿಸಿ.

ಹಚ್ಚಲು ಬೆಂಕಿಕಡ್ಡಿ ಬೇಕು. ಗ್ಯಾಸ್ ಒಲೆಯ ಲೈಟರ್ ಕಿಡಿ ಮಾತ್ರ ಕೊಡುತ್ತದೆ, ದಾರಕ್ಕೆ ಹೊತ್ತಿಸದು. ಮಕ್ಕಳು ಹಚ್ಚುವುದಾದರೆ ದೊಡ್ಡವರು ತೆಳುವಾದ ಸಣ್ಣ ಬತ್ತಿಯೊಂದನ್ನು ಹಚ್ಚಿ ಕೈಗೆ ಕೊಟ್ಟು ಮೊಣಕೈ ಹಿಡಿದುಕೊಳ್ಳಲಿ. ದೂರದ ಬತ್ತಿಯನ್ನು ಹಚ್ಚಲು ಹತ್ತಿರದ ಜ್ವಾಲೆಯ ಮೇಲಿಂದ ಕೈ ಚಾಚದಂತೆ, ಹಚ್ಚುವ ಬತ್ತಿಯೇ ಮಗುವಿನ ಎದುರು ಬರುವ ಹಾಗೆ ಬಳೆಯನ್ನು ತಿರುಗಿಸಿ ಇಟ್ಟುಕೊಳ್ಳಿ. ಆರಿಸಲು ಊದಬೇಡಿ, ಕರಗಿದ ಮೇಣ ಎಲೆಗೆ ಹಾರುತ್ತದೆ. ಸಾಂಬಾರಿನ ಸಣ್ಣ ಸ್ಟೀಲ್ ಸೌಟನ್ನು ಬೋರಲು ಹಿಡಿದರೆ ಎರಡು ಸೆಕೆಂಡಿನಲ್ಲಿ ಆರುತ್ತದೆ. ಅದಕ್ಕೆಂದೇ ಸೆಟ್‌ನಲ್ಲಿ ಬರುವ ಗಂಟೆಯಾಕಾರದ ಹಿತ್ತಾಳೆ ಮುಚ್ಚಳಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ.

ಬಳೆಯ ಕೆಳಗೆ ಅಂಚು ಎತ್ತರದ ಸ್ಟೀಲ್ ತಟ್ಟೆ ಇರಲಿ. ಕುಸ್ವಾರ್ ಕರಿಯುವ ದಿನಗಳಲ್ಲಿ ಇದನ್ನು ಅಡುಗೆಮನೆಯ ಮೇಜಿಗೆ ಒಯ್ಯಬೇಡಿ. ನೆವ್ರಿ, ಕಿಡ್ಯೊ ಬೇಯುವ ಎಣ್ಣೆಬಾಣಲೆಯ ಹತ್ತಿರ ಇನ್ನೊಂದು ಜ್ವಾಲೆ ಬೇಡ.

ಎಲೆಯನ್ನು ಅಂಗಡಿಯಲ್ಲಿ ಕೊಳ್ಳುವುದೇ ಬೇಡ ಎಂಬುದು ನಮ್ಮ ಮತ. ಮಾವಿನೆಲೆ ನಾಲ್ಕೈದು ದಿನಕ್ಕೆ ಸುರುಳಿಯಾಗುತ್ತದೆ. ಕರಾವಳಿಯ ಗಾಳಿಮರದ ಎಳೆಗಳು ಪೈನ್ ಎಲೆಯ ಹಾಗೇ ಕಾಣುತ್ತವೆ, ಆದರೆ ಒಣಗಿದರೆ ಕಡ್ಡಿ ಗೀರಿದಷ್ಟು ಸುಲಭಕ್ಕೆ ಹೊತ್ತುತ್ತವೆ, ವಾರಕ್ಕೊಮ್ಮೆ ಬದಲಿಸಲೇಬೇಕು. ಅಂಗಳದ ಕ್ರೋಟನ್, ಜರಿಗಿಡ, ಥೂಜಾ ಚೆನ್ನಾಗಿ ಬಾಳುತ್ತವೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಕಡೆಯವರಿಗೆ ಸಿಲ್ವರ್ ಓಕ್ ಸೊಪ್ಪು ಕೈಗೆಟಕುವಷ್ಟರಲ್ಲೇ ಇದೆ, ಬಾಡಿದರೂ ಆಕಾರ ಕೆಡುವುದಿಲ್ಲ. ಯಾವುದೇ ಆಗಲಿ, ಒಂದು ಎಲೆ ಬಗ್ಗಿಸಿ ನೋಡಿ. ಬಾಗಿದರೆ ಇರಲಿ, ಟಕ್ಕೆಂದು ಮುರಿದರೆ ತೆಗೆದುಹಾಕಿ.

ಕಟ್ಟುವ ಕ್ರಮ ಹೀಗೆ. ಒಂದು ಗೇಣಿಗಿಂತ ಚಿಕ್ಕದಾದ, 15 ಸೆಂಟಿಮೀಟರಿನ ಮೂರು ನಾಲ್ಕು ಕಡ್ಡಿ ಸೇರಿಸಿ ಒಂದು ಹಿಡಿ ಮಾಡಿ. ಬಳೆಯ ಮೇಲಿಟ್ಟು ಸಣ್ಣ ತಂತಿಯನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ. ಮುಂದಿನ ಹಿಡಿಯ ಎಲೆ ಹಿಂದಿನದರ ಕಡ್ಡಿಯನ್ನು ಮುಚ್ಚುವಂತೆ, ಎಲ್ಲವೂ ಒಂದೇ ದಿಕ್ಕಿಗೆ ತಲೆ ಹಾಕುವಂತೆ ಇಡುತ್ತಾ ಹೋಗಿ. 25 ಸೆಂಟಿಮೀಟರಿನ ಬಳೆಗೆ ಹತ್ತರಿಂದ ಹನ್ನೆರಡು ಹಿಡಿ ಸಾಕು, ತಂತಿ ಮೂರು ಮೀಟರ್. ಪ್ರತಿ ಬಟ್ಟಲಿನ ಸುತ್ತ ಮೂರು ಸೆಂಟಿಮೀಟರ್ ಬೋಳಾಗಿಯೇ ಬಿಡಿ. ತುಂಬಿ ತುಳುಕುವ ಹಾಗೆ ಕಟ್ಟಿದ್ದು ಫೋಟೋದಲ್ಲಿ ಚೆನ್ನ, ಜ್ವಾಲೆಯ ಪಕ್ಕದಲ್ಲಿ ಅಲ್ಲ.

ಬಳೆಯೇ ಸಿಗದಿದ್ದರೆ ಬಾಳೆದಿಂಡು ಇದೆಯಲ್ಲ. ಆರೇಳು ಸೆಂಟಿಮೀಟರ್ ದಪ್ಪಕ್ಕೆ ಅಡ್ಡ ಕೊಯ್ದ ನಾಲ್ಕು ಬಿಲ್ಲೆಗಳನ್ನು ತಟ್ಟೆಯಲ್ಲಿ ವೃತ್ತವಾಗಿ ಜೋಡಿಸಿ, ಪ್ರತಿಯೊಂದರ ನಡುವೆ ಚಾಕುವಿನಿಂದ ಎರಡೂವರೆ ಸೆಂಟಿಮೀಟರ್ ಆಳದ ಗುಳಿ ಮಾಡಿ ಬತ್ತಿ ನಿಲ್ಲಿಸಬಹುದು. ನೀರು ತುಂಬಿದ ದಿಂಡು ಬೆಂಕಿಗೆ ಹೆದರುವುದಿಲ್ಲ, ಚುಚ್ಚಿದ ಸೊಪ್ಪನ್ನೂ ಹಸಿಯಾಗಿಡುತ್ತದೆ. ತೊಂದರೆ ಎರಡು: ರಸದ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಆರೇಳು ದಿನಕ್ಕೆ ಕೊಳೆತು ನಾರುತ್ತದೆ. ಪ್ರತಿ ಶನಿವಾರ ಹೊಸ ದಿಂಡು ಇಡಬೇಕು. ಅದಕ್ಕೆ ತಯಾರಿದ್ದರೆ ಅಂಗಡಿಯ ಯಾವ ಸೆಟ್ಟೂ ಇದರ ಮುಂದೆ ನಿಲ್ಲದು.

ಪ್ಲಾಸ್ಟಿಕ್ ಎಲೆಯ ರೆಡಿಮೇಡ್ ಸೆಟ್ ಬಗ್ಗೆ ಹೆಚ್ಚು ಬರೆಯುವಂಥದ್ದಿಲ್ಲ. ಎಲೆ ಹೊತ್ತಿಕೊಂಡರೆ ಕರಗಿ ತೊಟ್ಟಿಕ್ಕುತ್ತದೆ, ಮೇಣ ಬಿದ್ದರೆ ತೊಳೆಯಲಾಗದು, ಬಟ್ಟಲುಗಳೂ ಪ್ಲಾಸ್ಟಿಕ್ಕೇ. ಹಚ್ಚದೆ ಬಾಗಿಲಿಗೆ ನೇತುಹಾಕಲು ಅಡ್ಡಿಯಿಲ್ಲ, ಆದರೆ ಆಗ ಅದು ಕ್ರಿಸ್ಮಸ್ ಅಲಂಕಾರ, ಅಡ್ವೆಂಟ್ ರೀತ್ ಅಲ್ಲ.

ತರಗತಿಗೆ ಎಲ್‌ಇಡಿ ಎಂದದ್ದು ಎರಡು ಕಾರಣಕ್ಕೆ. ಅಸೆಂಬ್ಲಿ ಬಯಲಿನಲ್ಲಿ ನಡೆಯುವ ಶಾಲೆಯಲ್ಲಿ ಜ್ವಾಲೆ ಗಾಳಿಗೆ ನಿಲ್ಲುವುದಿಲ್ಲ. ಮತ್ತೆ ಐವತ್ತು ಮಕ್ಕಳಿರುವ ಕೋಣೆಯಲ್ಲಿ ನಿಜವಾದ ಬೆಂಕಿ ಇಟ್ಟು ಟೀಚರ್ ಪಾಠ ಮಾಡುವುದಾದರೂ ಹೇಗೆ? ಕೊಳ್ಳುವಾಗ ಬ್ಯಾಟರಿ ಕೋಣೆಯ ಮುಚ್ಚಳ ನೋಡಿ. ಉಗುರಿನಿಂದ ತೆರೆಯುವಂತಿದ್ದರೆ ವಾಪಸ್ ಇಡಿ, ಸ್ಕ್ರೂ ಇರುವುದೇ ಬೇಕು. ಒಳಗಿರುವ ಸಿಆರ್2032 ಬಗೆಯ ಗುಂಡಿ ಬ್ಯಾಟರಿಯನ್ನು ಎಲ್‌ಕೆಜಿ, ಯುಕೆಜಿ ಮಗು ನುಂಗಿದರೆ ಒಂದೆರಡು ಗಂಟೆಯಲ್ಲೇ ಅನ್ನನಾಳ ಸುಡಲು ಶುರುವಾಗುತ್ತದೆ. ಬೆಳಿಗ್ಗೆಯವರೆಗೆ ಕಾಯುವ ಮಾತಿಲ್ಲ, ತಕ್ಷಣ ಆಸ್ಪತ್ರೆ. ಎಎಎ ಸೆಲ್ ಹಾಕುವ ಸೆಟ್ ಸಿಕ್ಕರೆ ಅದೇ ಮೇಲು. ನಾಲ್ಕಕ್ಕೂ ಒಂದೇ ರಿಮೋಟ್ ಇರುವ ಸೆಟ್ ಬೇಡ, ಗುಂಡಿ ಒತ್ತಿದರೆ ನಾಲ್ಕೂ ಒಟ್ಟಿಗೆ ಉರಿಯುತ್ತವೆ. ಒಂದೊಂದಕ್ಕೂ ಬೇರೆ ಸ್ವಿಚ್ ಇರಲಿ. ಒಂದೊಂದಾಗಿ ಹಚ್ಚಲಾಗದ ರೀತ್ ಇಟ್ಟುಕೊಂಡು ಮಾಡುವುದೇನು?

ಕಾಗದದ ಕಿಟ್‌ನಲ್ಲಿ ಸಾಮಾನ್ಯವಾಗಿ ಇರುವುದು ದಪ್ಪ ಕಾಗದದ ನಾಲ್ಕು ಬತ್ತಿ, ಅಂಟಿಸಲು ಹಳದಿ ಜ್ವಾಲೆಗಳು, ದಿನಕ್ಕೊಂದು ಕೆಲಸ ಬರೆದ ಹಾಳೆ, ಮನೆಯ ಪ್ರಾರ್ಥನೆಯ ಒಂದು ಚೀಟಿ. ಮಕ್ಕಳಿಗೆ ಇಷ್ಟ, ಅಜ್ಜ ಅಜ್ಜಿಯರಿಗೂ ಇಷ್ಟ. ದೋಷಗಳು ಹೆಚ್ಚಾಗಿ ಹೊರಗಿನ ನಮೂನೆಯನ್ನು ಹಾಗೇ ಇಳಿಸಿಕೊಂಡದ್ದರಿಂದ ಬರುತ್ತವೆ. ಹಾಳೆ ಡಿಸೆಂಬರ್ 1ರಿಂದ 24ರವರೆಗೆ ಅಚ್ಚಾಗಿರುತ್ತದೆ, 2026ರಲ್ಲಿ ಮೊದಲ ಭಾನುವಾರವೇ ಅದರಲ್ಲಿ ಇರುವುದಿಲ್ಲ. ಹಿಮದ ಮನುಷ್ಯ, ಹಿಮದ ಬಂಡಿ ತುಂಬಿರುತ್ತವೆ. ಬೈಬಲಿನ ವಚನದ ಅಂಕೆ ಕೂಡುವುದಿಲ್ಲ: ಕತ್ತಲಲ್ಲಿ ನಡೆದ ಜನ ಬೆಳಕು ಕಂಡರೆಂಬ ಯೆಶಾಯನ ಮಾತು ಅಮೆರಿಕದ ಕಥೋಲಿಕ ಬೈಬಲಿನಲ್ಲಿ 9:1, ನಮ್ಮ ಕನ್ನಡ ಬೈಬಲಿನಲ್ಲಿ 9:2. ಮಗು ಓದುತ್ತಾ ಕೂತಾಗ ಬೇರೆ ವಾಕ್ಯವೇ ಬಂದರೆ ಮನೆಯವರಿಗೆ ಗೊಂದಲ. ಬತ್ತಿಗಳಿಗೆ ಭರವಸೆ, ಶಾಂತಿ, ಆನಂದ, ಪ್ರೀತಿ ಎಂಬ ಹೆಸರು ಒಂದು ಕಿಟ್‌ನಲ್ಲಿದ್ದರೆ ಇನ್ನೊಂದರಲ್ಲಿ ಪ್ರವಾದಿ, ಬೆತ್ಲೆಹೇಮ್, ಕುರುಬರು, ದೇವದೂತರು ಎಂದಿರುತ್ತದೆ. ಎರಡೂ ರೂಢಿಯ ಹೆಸರುಗಳೇ, ಪೂಜಾವಿಧಿಯಲ್ಲಿ ಕಡ್ಡಾಯವಾದ ಹೆಸರೆಂದು ಯಾವುದೂ ಇಲ್ಲ. ಶಾಲೆಯೂ ಧರ್ಮಕೇಂದ್ರವೂ ಒಂದನ್ನೇ ಬಳಸಿದರೆ ಸಾಕು. ನಡುವಿನ ಐದನೆಯ ಬಿಳಿ ಬತ್ತಿಯೂ ಹಾಗೆಯೇ, ಇದ್ದರೆ ಕ್ರಿಸ್ಮಸ್ ರಾತ್ರಿ ಹಚ್ಚಿ, ಇಲ್ಲದಿದ್ದರೆ ಕೊರತೆಯೇನಿಲ್ಲ.

ಶಾಲೆಯವರೇ ಚೀಟಿ ಮಾಡುವುದಾದರೆ ಆಯಾ ವರ್ಷದ ಭಾನುವಾರದ ಶುಭಸಂದೇಶವನ್ನೇ ಹಾಕುವುದು ಸುಲಭದ ದಾರಿ, ಇಗರ್ಜಿಯಲ್ಲಿ ಕೇಳಿದ್ದೇ ಮನೆಯಲ್ಲೂ ಬರುತ್ತದೆ. 2026ರ ನವೆಂಬರ್ 29ರಿಂದ ‘ಬಿ’ ವರ್ಷ, ಅಂದರೆ ಮೂರು ವರ್ಷಕ್ಕೊಮ್ಮೆ ಸುತ್ತಿ ಬರುವ ಪೂಜೆಯ ವಾಚನಗಳಲ್ಲಿ ಎರಡನೇ ವರ್ಷ. ಮೊದಲ ಭಾನುವಾರ ಮಾರ್ಕ 13:33-37, ಎರಡನೆಯದು ಮಾರ್ಕ 1:1-8, ಮೂರನೆಯದು ಯೊವಾನ್ನ 1:6-8 ಮತ್ತು 19-28, ನಾಲ್ಕನೆಯದು ಲೂಕ 1:26-38. ಇಂಗ್ಲಿಷಿನ ಜತೆ ಕನ್ನಡವೂ, ಕರಾವಳಿಯಲ್ಲಿ ಕೊಂಕಣಿಯೂ ಇರಲಿ. ಮನೆಯಲ್ಲಿ ಪ್ರಾರ್ಥನೆ ನಡೆಸುವವರು ಬಹಳ ಕಡೆ ಅಜ್ಜಿಯೇ.

ಕಥೋಲಿಕ ಶಾಲೆಯ ತರಗತಿಯಲ್ಲಿ ಎಲ್ಲ ಧರ್ಮದ ಮಕ್ಕಳೂ ಇರುತ್ತಾರೆ. ಕಿಟ್ಟನ್ನು ಕೇಳಿದವರಿಗೆ ಕೊಡಿ, ಡೈರಿಯಲ್ಲಿ ಕಡ್ಡಾಯದ ಹೋಮ್‌ವರ್ಕ್ ಎಂದು ಬರೆಸಬೇಡಿ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆ, ಆರಾಧನೆಗಳಲ್ಲಿ ಮಗು ಪಾಲ್ಗೊಳ್ಳಲು ಪೋಷಕರ ಒಪ್ಪಿಗೆ ಬೇಕು. ದಿನಕ್ಕೊಂದು ಒಳ್ಳೆಯ ಕೆಲಸದ ಹಾಳೆಯನ್ನು ಮಾತ್ರ ಬೇರೆಯಾಗಿ ಅಚ್ಚು ಹಾಕಿಸಿದರೆ ಅದು ನೀತಿಪಾಠದ ಅವಧಿಗೆ ಎಲ್ಲರಿಗೂ ಆಗುತ್ತದೆ.

ಕೆಲವು ಶಾಲೆಗಳು ಮೊದಲ ಭಾನುವಾರದ ಹಿಂದಿನ ಶನಿವಾರ ಸಂಜೆ ಅಪ್ಪ, ಅಮ್ಮ, ಮಕ್ಕಳನ್ನು ಸಭಾಂಗಣಕ್ಕೆ ಕರೆದು ರೀತ್ ಕಟ್ಟಿಸುತ್ತವೆ. ರೆಡಿಮೇಡ್ ಸೆಟ್ ಹಂಚುವುದಕ್ಕಿಂತ ಇದು ಎಷ್ಟೋ ಮೇಲು, ಖರ್ಚೂ ಕಡಿಮೆ. 40 ಕುಟುಂಬಕ್ಕೆ 120 ನೇರಳೆ, 40 ಗುಲಾಬಿ ಬತ್ತಿ ಬೇಕು. ಸಗಟು ಅಂಗಡಿಯಲ್ಲಿ ನಾಲ್ಕರ ಪೊಟ್ಟಣ ಒಂದೇ ಬಣ್ಣದ್ದಾದರೆ ನೇರಳೆ 30, ಗುಲಾಬಿ 10 ಪೊಟ್ಟಣ. ಸಾಗಿಸುವಾಗ ಮುರಿಯುವುದಕ್ಕೆಂದು ನೇರಳೆಯಲ್ಲಿ ಮೂರು, ಗುಲಾಬಿಯಲ್ಲಿ ಒಂದು ಪೊಟ್ಟಣ ಹೆಚ್ಚು ತನ್ನಿ. ಕೊನೆಗೆ ಕಡಿಮೆ ಬೀಳುವುದು ಗುಲಾಬಿಯೇ. ತಂತಿ 120 ಮೀಟರ್. ಸೊಪ್ಪನ್ನು ಹಿಂದಿನ ಸಂಜೆಯೇ ಕೊಯ್ದು ಬುಡ ನೀರಿನಲ್ಲಿಡಿ. ಕತ್ತರಿ ಮೂರು ಕುಟುಂಬಕ್ಕೊಂದು ಇಲ್ಲದಿದ್ದರೆ ಮುಕ್ಕಾಲು ಗಂಟೆಯ ಕೆಲಸ ಎರಡು ಗಂಟೆ ಎಳೆಯುತ್ತದೆ. ಬತ್ತಿಗಳ ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಮಾತ್ರ ಬಿಡಬೇಡಿ, ಸಂಜೆ ತೆಗೆದಾಗ ಎಲ್ಲವೂ ಬಾಳೆಹಣ್ಣಿನ ಆಕಾರಕ್ಕೆ ಬಂದಿರುತ್ತವೆ. ಬಾಗಿದ್ದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು ಸಮತಟ್ಟಾದ ಕಲ್ಲಿನ ಮೇಲೆ ಉರುಳಿಸಿದರೆ ನೇರವಾಗುತ್ತದೆ. ರೀತ್‌ನ ಆಶೀರ್ವಾದ ಮರುದಿನ ಬಲಿಪೂಜೆಯಲ್ಲಾದರೂ ಸರಿ, ಆ ಸಂಜೆಯೇ ಫಾದರ್ ಬಂದರೂ ಸರಿ.

ಈಗ ಶಾಲೆಗೂ ಮನೆಗೂ ನಿಜವಾಗಿ ತಿಕ್ಕಾಟವಾಗುವ ಜಾಗ. ರೀತ್‌ನ ದಿನ ಭಾನುವಾರ, ಶಾಲೆಯ ದಿನ ಸೋಮವಾರ. ಅದೇನೂ ದೊಡ್ಡದಲ್ಲ, ಭಾನುವಾರ ಮನೆಯಲ್ಲಿ ಹಚ್ಚಿದ್ದನ್ನು ಸೋಮವಾರ ಶಾಲೆಯಲ್ಲಿ ಮತ್ತೆ ಹಚ್ಚಿದರಾಯಿತು. ತೊಡಕು ನಾಲ್ಕನೆಯದರಲ್ಲಿ. ಕ್ರಿಸ್ಮಸ್ ಕಾರ್ಯಕ್ರಮವನ್ನು ರಜೆಗೆ ಮೊದಲು ಇಟ್ಟುಕೊಳ್ಳಬೇಕು. 2026ರಲ್ಲಿ ಅದು ಡಿಸೆಂಬರ್ 18ರ ಶುಕ್ರವಾರವೋ 19ರ ಶನಿವಾರವೋ ಬಂದರೆ, ನಾಲ್ಕನೇ ಭಾನುವಾರ ಇನ್ನೂ ಬಂದೇ ಇರುವುದಿಲ್ಲ. ಆದರೂ ವೇದಿಕೆಯ ಮೇಲೆ ಅತಿಥಿಗಳಿಂದ ನಾಲ್ಕನ್ನೂ ಹಚ್ಚಿಸಿ ಫೋಟೋ ತೆಗೆಸುವುದು ಮಾಮೂಲಿ. ಮೂರು ವಾರ ಮಕ್ಕಳಿಗೆ ಕಾಯಲು ಕಲಿಸಿ ಕೊನೆಯಲ್ಲಿ ದೊಡ್ಡವರೇ ಅವಸರ ಮಾಡಿದ ಹಾಗೆ. ಅಂದು ಮೂರನ್ನೇ ಹಚ್ಚಿ, ನಾಲ್ಕನೆಯದು ಹಾಗೇ ನಿಂತಿರಲಿ. ಅದನ್ನು ಮನೆಯಲ್ಲಿ ಹಚ್ಚಬೇಕೆಂದು ಮಕ್ಕಳಿಗೆ ಹೇಳಿ ಕಳಿಸಿ. ಕಿರಿಯ ಮಗು ಮೊದಲ ವಾರ, ಹಿರಿಯ ಮಗು ಎರಡನೆಯದು, ಅಮ್ಮ ಮೂರನೆಯದು, ಅಪ್ಪ ನಾಲ್ಕನೆಯದು ಹಚ್ಚುವ ಹಳೆಯ ಪದ್ಧತಿಯೂ ಇದಕ್ಕೆ ಹೊಂದುತ್ತದೆ. ಕೆಲಸದ ಮೇಲೆ ಗಲ್ಫಿನಲ್ಲೋ ಮುಂಬಯಿಯಲ್ಲೋ ಇರುವ ಅಪ್ಪ ರಜೆಗೆ ಬರುವುದೂ ಹೆಚ್ಚಾಗಿ ಆ ವಾರವೇ.

ಅದೇ ಮಳಿಗೆಯ 24 ಕಿಟಕಿಗಳ ಚಾಕೊಲೇಟ್ ಕ್ಯಾಲೆಂಡರ್ ಬಗ್ಗೆ ಎರಡು ಮಾತು ಸಾಕು. ಪ್ರತಿ ವರ್ಷವೂ ಡಿಸೆಂಬರ್ 1ಕ್ಕೇ ಶುರುವಾಗುವುದರಿಂದ ಅದು ಆಗಮನ ಕಾಲದ ಎಣಿಕೆಯೇ ಅಲ್ಲ, ನಮ್ಮ ಸೆಖೆಗೆ ಚಾಕೊಲೇಟಿನ ಮೇಲೆ ಬಿಳಿ ಬೂಷ್ಟಿನಂತೆ ಕೊಬ್ಬು ಏಳುತ್ತದೆ. ತಿನ್ನಲು ತೊಂದರೆಯಿಲ್ಲ, ಕೊಟ್ಟ ದುಡ್ಡಿಗೆ ಮಾತ್ರ ಬೇಸರ. ಖಾಲಿ ಬೆಂಕಿಪೊಟ್ಟಣಗಳನ್ನು ಅಂಟಿಸಿ ಆ ವರ್ಷಕ್ಕೆ ಎಷ್ಟು ದಿನವೋ ಅಷ್ಟು ಗೂಡು ಮಾಡಿಕೊಳ್ಳಬಹುದು, 2026ಕ್ಕೆ 26.

ಹಬ್ಬ ಮುಗಿದ ಮೇಲೆ ಲೋಹದ ಬಳೆಯನ್ನು ಬಿಸಿನೀರಿನಲ್ಲಿ ಅದ್ದಿ ಮೇಣ ತೆಗೆದು, ಒರೆಸಿ, ಕಬ್ಬಿಣದ್ದಾದರೆ ಒಂದು ಹನಿ ತೆಂಗಿನೆಣ್ಣೆ ಸವರಿ ಇಡಿ. ಮೇಣ ಕರಗಿದ ನೀರನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟಿಕೊಳ್ಳುತ್ತದೆ, ತಣಿದ ಮೇಲೆ ಮೇಲಿನ ಪದರ ಎತ್ತಿ ಬಿಸಾಡಿ. ಉಳಿದ ಬತ್ತಿಗಳನ್ನು ಒಂದೊಂದಾಗಿ ಬಟರ್ ಪೇಪರಿನಲ್ಲಿ ಸುತ್ತಿ ಅಡ್ಡ ಮಲಗಿಸಿ. ನ್ಯೂಸ್‌ಪೇಪರ್ ಬೇಡ, ಮಸಿ ಹತ್ತುತ್ತದೆ. ಗುಲಾಬಿಯನ್ನು ಬೇರೆ ಇಡಿ, ನೇರಳೆಗೆ ತಾಗಿದರೆ ಬಣ್ಣ ಹಿಡಿಯುತ್ತದೆ.

ಮರುವರ್ಷಕ್ಕೆ ಪೂರ್ತಿ ಸೆಟ್ ಕೊಳ್ಳುವ ಅಗತ್ಯವೂ ಇಲ್ಲ. ಮೇಲಿನ ಲೆಕ್ಕದಂತೆ ಉರಿದರೆ ನಾಲ್ಕನೆಯ ಬತ್ತಿಯಲ್ಲಿ ಸುಮಾರು 22 ಸೆಂಟಿಮೀಟರ್ ಉಳಿದಿರುತ್ತದೆ, ಅದು ಮುಂದಿನ ವರ್ಷದ ಎರಡನೆಯದಾಗಲಿ. ಎರಡನೆಯದರಲ್ಲಿ 13 ಉಳಿದಿರುತ್ತದೆ, ಅದು ನಾಲ್ಕನೆಯದಾಗಲಿ. ಗುಲಾಬಿ ಹಾಗೇ ಇರಲಿ, ಇನ್ನೊಂದು ವರ್ಷ ಬರುತ್ತದೆ. ಹೊಸದಾಗಿ ಬೇಕಾಗುವುದು ಒಂದೇ ಒಂದು ನೇರಳೆ ಬತ್ತಿ. ಬಿಡಿಯಾಗಿ ಒಂದನ್ನು ಕೇಳಿದರೆ ಅಂಗಡಿಯವರು ಸೆಟ್ ಒಡೆಯುವುದಿಲ್ಲ ಎನ್ನುವುದೇ ಹೆಚ್ಚು. ಬಂಧುಗಳ ಇನ್ನೊಂದು ಮೂರು ಮನೆ ಸೇರಿ ನಾಲ್ಕು ನೇರಳೆಯ ಒಂದು ಪೊಟ್ಟಣ ತಂದು ಹಂಚಿಕೊಳ್ಳಿ.